ಐಸ್‌ಕ್ರೀಮ್ ಜೊತೆಗೊಂದು ಪೀಚ್ ಕಾಬ್ಲರ್

ಪೀಚ್ ಕಾಬ್ಲರ್ ಮಾಡುವವರು ಲೆಕ್ಕವನ್ನು ಕೊನೆಯಿಂದ ಶುರುಮಾಡಬೇಕು. ಬಟ್ಟಲಿಗೆ ಬೀಳಲಿರುವ ಐಸ್‌ಕ್ರೀಮ್ ಮೊದಲು, ಹಣ್ಣು ಆಮೇಲೆ, ಹಿಟ್ಟು ಅದರ ನಂತರ. ವೆನಿಲಾ ಐಸ್‌ಕ್ರೀಮಿನಲ್ಲಿ ಬೇಕಾದಷ್ಟು ಸಕ್ಕರೆಯೂ ಕೊಬ್ಬೂ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಅಷ್ಟೇ ಸಿಹಿಯ ಇನ್ನೊಂದು ಪದಾರ್ಥ ಕೂತರೆ ನಾಲ್ಕನೆಯ ಚಮಚಕ್ಕೇ ಮುಖ ಹೊಡೆಯುತ್ತದೆ. ಆದ್ದರಿಂದ ಐಸ್‌ಕ್ರೀಮಿಗೆಂದು ಮಾಡುವ ಕಾಬ್ಲರ್ ಬರಿದೇ ತಿಂದಾಗ ತುಸು ಹುಳಿ ಎನಿಸಬೇಕು, ಮೇಲಿನ ಹಿಟ್ಟಿನಲ್ಲಿ ಉಪ್ಪು ನಾಲಿಗೆಗೆ ತಿಳಿಯಬೇಕು. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಒಂದು ತಟ್ಟೆ ಕಾಬ್ಲರಿಗೆ ಒಂದೂವರೆ, ಎರಡು ಕಪ್ ಸಕ್ಕರೆ ಹೇಳುವುದುಂಟು. ಅದನ್ನು ಕಣ್ಣು ಮುಚ್ಚಿ ಅರ್ಧಕ್ಕಿಂತ ಕಡಿಮೆ ಮಾಡಿ.

ಕಾಬ್ಲರ್ ಅಂದರೆ ಆಳವಾದ ತಟ್ಟೆಯ ತಳದಲ್ಲಿ ಹಣ್ಣಿನ ಹೋಳು, ಅದರ ಮೇಲೆ ಹಿಟ್ಟಿನ ಮುದ್ದೆಗಳು. ಓವನ್ನಿನ ಕಾವಿನಲ್ಲಿ ಹಣ್ಣು ರಸ ಬಿಟ್ಟು ಕುದಿಯುತ್ತದೆ, ಹಿಟ್ಟು ಉಬ್ಬಿ ಕಂದು ಬಣ್ಣಕ್ಕೆ ತಿರುಗುತ್ತದೆ. ಲಟ್ಟಿಸಿ, ಅಂಚು ಕಟ್ಟಿ, ಒಪ್ಪ ಮಾಡಬೇಕಾದ ಪೈಗೆ ಬೇಕಾಗುವ ಕೈಚಳಕ ಇದಕ್ಕೆ ಬೇಡ. ಒಲೆಯ ಕೆಂಡದ ಮೇಲೆ ಎರಕದ ಕಬ್ಬಿಣದ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದ ಕಾಲದಿಂದ ಬಂದ ಅಡುಗೆ ಇದು. 1839ರಲ್ಲಿ ಲೆಟಿಸ್ ಬ್ರಯಾನ್ ಬರೆದ ‘ದಿ ಕೆಂಟಕಿ ಹೌಸ್‌ವೈಫ್’ ಪುಸ್ತಕದಲ್ಲಿ ಪೀಚ್ ಕಾಬ್ಲರಿನ ಪ್ರಸ್ತಾಪವಿದೆ. ನೆಂಟರ ಮುಂದೆ ಇಡುವಷ್ಟು ಠಾಕುಠೀಕಿನದಲ್ಲ, ಮನೆಮಂದಿಗೆ ಮಾತ್ರ ಬಹಳ ಸೊಗಸು ಎನ್ನುವುದು ಆಕೆಯ ತೀರ್ಪು. ಇಂದಿಗೂ ಅದರ ರೂಪ ಹಾಗೆಯೇ. ಉಬ್ಬುತಗ್ಗು, ಅಂಚಿನಲ್ಲಿ ಉಕ್ಕಿ ಅಂಟಿದ ಪಾಕ. ನೋಡಲು ಚೆಂದ ಇರಲೇಬೇಕೆನ್ನುವವರು ಬೇರೆ ಸಿಹಿ ಹುಡುಕಿಕೊಳ್ಳುವುದು ಮೇಲು.

ಪೀಚಿನ ತವರು ಚೀನಾ. ಅಮೆರಿಕಕ್ಕೆ ಅದನ್ನು ತಂದವರು 16ನೇ ಶತಮಾನದ ಸ್ಪೇನಿನವರು. ಹೆಸರು ತಂದುಕೊಟ್ಟಿದ್ದು ಜಾರ್ಜಿಯಾ ರಾಜ್ಯ. 1870ರ ದಶಕದಲ್ಲಿ ಅಲ್ಲಿನ ಮಾರ್ಷಲ್‌ವಿಲ್ ಎಂಬ ಊರಿನ ಸ್ಯಾಮ್ಯುಯೆಲ್ ರಂಫ್ ಹೊಸ ತಳಿಯೊಂದನ್ನು ಬೆಳೆಸಿ ಅದಕ್ಕೆ ಹೆಂಡತಿಯ ಹೆಸರಿಟ್ಟರು: ಎಲ್ಬರ್ಟಾ. ಹಳದಿ ತಿರುಳು, ಓಟೆಯಿಂದ ಸಲೀಸಾಗಿ ಬಿಡುವ ಗುಣ, ದೂರದ ರೈಲು ಪ್ರಯಾಣ ತಡೆಯುವ ಗಟ್ಟಿತನ, ಮೂರೂ ಅದರಲ್ಲಿದ್ದವು. ಹಣ್ಣನ್ನು ತಂಪಾಗಿಟ್ಟು ಸಾಗಿಸುವ ಪೆಟ್ಟಿಗೆಗಳನ್ನೂ ರಂಫ್ ರೂಪಿಸಿದ್ದರು. ಜಾರ್ಜಿಯಾದ ಪೀಚ್ ನ್ಯೂಯಾರ್ಕಿನ ಮಾರುಕಟ್ಟೆ ಮುಟ್ಟಿದ್ದು ಹೀಗೆ. ಜಾರ್ಜಿಯಾದಲ್ಲಿ 1924ರಲ್ಲಿ ಪೀಚ್ ಕೌಂಟಿ ಎಂಬ ಜಿಲ್ಲೆಯೇ ಹುಟ್ಟಿತು. ಅದರ ಕೇಂದ್ರ ಫೋರ್ಟ್ ವ್ಯಾಲಿಯ ಪೀಚ್ ಹಬ್ಬದಲ್ಲಿ ಸುಮಾರು 11 ಅಡಿ ಉದ್ದ, 5 ಅಡಿ ಅಗಲದ ದೈತ್ಯ ಕಾಬ್ಲರ್ ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಇಷ್ಟಾದರೂ ಇಳುವರಿಯಲ್ಲಿ ಕ್ಯಾಲಿಫೋರ್ನಿಯಾ ಮುಂದು, ನೆರೆಯ ಸೌತ್ ಕೆರೊಲಿನಾ ಕೂಡ ಜಾರ್ಜಿಯಾವನ್ನು ಹಿಂದಿಕ್ಕಿದೆ. ಪೀಚ್ ಗಿಡಕ್ಕೆ ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ನೂರಾರು ಗಂಟೆಗಳ ತಂಪು ಬೇಕು. 2023ರಲ್ಲಿ ಚಳಿಗಾಲ ಬೆಚ್ಚಗಿತ್ತು, ಹೂ ಬಿಟ್ಟ ಮೇಲೆ ಮಾರ್ಚ್‌ನಲ್ಲಿ ಹೆಪ್ಪುಗಟ್ಟಿಸುವ ಚಳಿ ಬಂತು. ಜಾರ್ಜಿಯಾದ ಬೆಳೆಯಲ್ಲಿ ಶೇ 90ಕ್ಕಿಂತ ಹೆಚ್ಚು ಹೋಯಿತು.

ಅದೇ ಚಳಿಯ ಲೆಕ್ಕ ನಮಗೂ ಅನ್ವಯ. ಬೆಂಗಳೂರಿನ ಹಣ್ಣಂಗಡಿಗೆ ಬೇಸಿಗೆಯ ಕೊನೆಗೆ ಬರುವ ಪೀಚ್ ಉತ್ತರದ್ದು. ಕಡಿಮೆ ಚಳಿ ಸಾಕೆನ್ನುವ ಶಾನ್-ಎ-ಪಂಜಾಬ್‌ನಂಥ ತಳಿಗಳು ಪಂಜಾಬಿನ ಬಯಲಲ್ಲಿ ಮೇ ಹೊತ್ತಿಗೇ ಹಣ್ಣಾಗುತ್ತವೆ. ಹಿಮಾಚಲ, ಉತ್ತರಾಖಂಡದ ಬೆಟ್ಟದ ಹಣ್ಣು ಜೂನ್, ಜುಲೈಗೆ ಬರುತ್ತದೆ. ಹಿಮಾಚಲದ ಸಿರಮೌರ್ ಜಿಲ್ಲೆಯ ರಾಜಗಢ ಪೀಚಿಗೆ ಹೆಸರಾದ ಊರು. ಅಲ್ಲಿ ಬೆಳೆಯುವ ಮುಖ್ಯ ತಳಿಗಳಲ್ಲಿ ಒಂದರ ಹೆಸರು ಜುಲೈ ಎಲ್ಬರ್ಟಾ.

ಹಣ್ಣು ಆರಿಸುವುದು

ಕೆಂಪು ಬಣ್ಣಕ್ಕೆ ಮರುಳಾಗಬೇಡಿ. ಕೆನ್ನೆಯ ಕೆಂಪು ತಳಿಯ ಗುಣ ಮತ್ತು ಬಿಸಿಲಿನ ಕೆಲಸ. ಅದರಿಂದ ಹಣ್ಣಿನ ಹದ ತಿಳಿಯದು. ತೊಟ್ಟಿನ ಸುತ್ತ ನೋಡಿ. ಅಲ್ಲಿ ಹಸಿರು ಉಳಿದಿದ್ದರೆ ಅದು ಬಲಿಯುವ ಮೊದಲೇ ಕಿತ್ತ ಕಾಯಿ. ಮನೆಯಲ್ಲಿಟ್ಟರೆ ಮೆತ್ತಗಾದೀತೇ ಹೊರತು ಸಿಹಿ ಏರುವುದಿಲ್ಲ. ಹಿನ್ನೆಲೆ ಬಣ್ಣ ಹಳದಿಗೆ ತಿರುಗಿರಬೇಕು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸು ಬಗ್ಗಬೇಕು, ಮೂಗಿಗೆ ಹಿಡಿದರೆ ಪರಿಮಳ ಬರಬೇಕು. ಪರಿಮಳ ಇಲ್ಲದ ಪೀಚ್ ಬೆಂದ ಮೇಲೂ ಪರಿಮಳ ಕೊಡುವುದಿಲ್ಲ. ಅಂಥದ್ದೇ ಸಿಕ್ಕಿದರೆ ಆ ವಾರ ಬೇರೇನಾದರೂ ಮಾಡಿಕೊಳ್ಳಿ.

ಬಿಳಿ ತಿರುಳಿನ ಪೀಚ್ ಬರಿದೇ ತಿನ್ನಲು ರುಚಿ, ಕಾಬ್ಲರಿಗೆ ಸಪ್ಪೆ. ಅದರಲ್ಲಿ ಹುಳಿ ಕಡಿಮೆ. ಹಳದಿಯದನ್ನೇ ತನ್ನಿ. ಓಟೆ ಬಿಡುವ ಹಣ್ಣಾದರೆ ಸುತ್ತ ಕೊಯ್ದು ಎರಡೂ ಕೈಯಿಂದ ತಿರುವಿದರೆ ಇಬ್ಭಾಗವಾಗುತ್ತದೆ. ಋತುವಿನ ಮೊದಲಿಗೆ ಬರುವ ಹಣ್ಣುಗಳಲ್ಲಿ ತಿರುಳು ಓಟೆಗೆ ಕಚ್ಚಿಕೊಂಡಿರುವುದೇ ಹೆಚ್ಚು. ಜಗ್ಗಾಡದೆ, ಮಾವಿನ ಹಣ್ಣನ್ನು ಹೆಚ್ಚುವಂತೆ ಓಟೆಯ ಪಕ್ಕದಿಂದ ಕೊಯ್ದು ತೆಗೆಯಿರಿ.

ಗಟ್ಟಿ ಹಣ್ಣನ್ನು ತಂದ ಕೂಡಲೇ ಫ್ರಿಜ್ಜಿಗೆ ಹಾಕುವುದು ದೊಡ್ಡ ತಪ್ಪು. 2ರಿಂದ 8 ಡಿಗ್ರಿಯ ತಂಪಿನಲ್ಲಿ ಹಣ್ಣಾಗದ ಪೀಚಿನ ತಿರುಳು ಒಣಗಿ ಹಿಟ್ಟುಹಿಟ್ಟಾಗುತ್ತದೆ, ಆಮೇಲೆ ಏನು ಮಾಡಿದರೂ ರಸ ಬಾರದು. ಕಾಗದದ ಚೀಲದಲ್ಲಿ ಒಂದರ ಮೇಲೊಂದು ಬೀಳದಂತೆ ಇಟ್ಟು ಎರಡು ಮೂರು ದಿನ ಅಡುಗೆಮನೆಯ ಮೂಲೆಯಲ್ಲಿಡಿ. ಹಣ್ಣು ತಾನೇ ಬಿಡುವ ಎಥಿಲೀನ್ ಅನಿಲ ಚೀಲದಲ್ಲಿ ನಿಂತು ಬೇಗ ಮಾಗುತ್ತದೆ. ಮಾಗಿದ ಮೇಲೆ ಫ್ರಿಜ್ಜಿಗೆ ಹೋದರೆ ತೊಂದರೆಯಿಲ್ಲ.

ಡಬ್ಬದ ಪೀಚ್ ವರ್ಷಪೂರ್ತಿ ಸಿಗುತ್ತದೆ. ಪಾಕವನ್ನು ಪೂರ್ತಿ ಸೋಸಿ, ಹಣ್ಣನ್ನು ಒಮ್ಮೆ ನೀರಿನಲ್ಲಿ ಅದ್ದಿ ತೆಗೆದು, ಸಕ್ಕರೆ ಹಾಕದೆ ನಿಂಬೆರಸ ಎರಡು ಪಟ್ಟು ಮಾಡಿದರೆ ಆದೀತು. ಮಾವು ಬಳಸಬಹುದೇ ಎಂದು ಕೇಳುವವರಿಗೆ: ಬೇಡ. ಬೆಂದ ಮಾವಿನ ಹೋಳು ಮಂಕಾಗುತ್ತದೆ. ಪ್ಲಮ್ ಅಥವಾ ನೆಕ್ಟರಿನ್ ಆದರೆ ಇದೇ ಕ್ರಮದಲ್ಲಿ ಚೆನ್ನಾಗಿ ಬರುತ್ತದೆ.

ರಸವನ್ನು ಹಿಡಿತಕ್ಕೆ ತರುವುದು

ಕಾಬ್ಲರ್ ಕೆಡುವುದು ಸಾಮಾನ್ಯವಾಗಿ ನೀರಿನಿಂದ. ಒಂದು ಹಣ್ಣು ರಸ ಕಾರುತ್ತದೆ, ಇನ್ನೊಂದು ಒಣಗಿರುತ್ತದೆ. ಯಾವ ಪಾಕವಿಧಾನಕ್ಕೂ ಇದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ರಸವನ್ನು ಓವನ್ನಿಗೆ ಹೋಗುವ ಮೊದಲೇ ಹೊರಗೆಳೆದು ಅಳೆದುಕೊಳ್ಳುವುದು ಜಾಣತನ.

ಆರು ಜನಕ್ಕೆ ಸುಮಾರು ಒಂದು ಕಿಲೋ ಹಣ್ಣು, ಅಂದರೆ ಮಧ್ಯಮ ಗಾತ್ರದ ಆರೇಳು ಪೀಚ್ ಬೇಕು. 20 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಆಳದ ಗಾಜಿನ ಅಥವಾ ಪಿಂಗಾಣಿಯ ತಟ್ಟೆ ಸಾಕು. ಬರಿಯ ಅಲ್ಯೂಮಿನಿಯಂ ಬೇಡ, ಹಣ್ಣಿನ ಹುಳಿ ಅದರೊಡನೆ ಸೇರಿ ಲೋಹದ ರುಚಿ ಬರುತ್ತದೆ. ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡಡ್ಡ ಎರಡು ಗೀರು ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿದರೆ ಸಿಪ್ಪೆ ಬೆರಳಿಗೇ ಬರುತ್ತದೆ. ಬಾರದಿದ್ದರೆ ಹಣ್ಣು ಇನ್ನೂ ಮಾಗಿಲ್ಲವೆಂದೇ ತಿಳಿಯಿರಿ. ಸಿಪ್ಪೆ ಸುಲಿಯಲು ಬೇಸರವಾದರೆ ಬಿಡಬಹುದು, ಪಾಕಕ್ಕೆ ಕೆಂಬಣ್ಣ ಬರುತ್ತದೆ. ಆದರೆ ಮೆತ್ತನೆಯ ಐಸ್‌ಕ್ರೀಮ್ ನಡುವೆ ಸುರುಳಿ ಸುತ್ತಿದ ಸಿಪ್ಪೆ ಹಲ್ಲಿಗೆ ಸಿಕ್ಕುವುದು ನನಗಂತೂ ಹಿಡಿಸದು.

ಪ್ರತಿ ಹಣ್ಣನ್ನು ಎಂಟು ಹೋಳು ಮಾಡಿ. ಇದಕ್ಕಿಂತ ತೆಳುವಾದರೆ ಕರಗಿ ಜಾಮ್ ಆಗುತ್ತದೆ. ನಾಲ್ಕು ದೊಡ್ಡ ಚಮಚ, ಅಂದರೆ ಸುಮಾರು 50 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ರಸ ನಿಲ್ಲುತ್ತದೆ. ಅದನ್ನು ಚಿಕ್ಕ ಪಾತ್ರೆಗೆ ಸೋಸಿಕೊಂಡು ನಡು ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಗಂಟಿಲ್ಲದಂತೆ ಕದಡಿ ಹೋಳುಗಳ ಮೇಲೆ ಸುರಿದು ಕೈಯಾಡಿಸಿ. ಕುದಿಸಿದ ರಸವನ್ನೂ ಸೇರಿಸಿ ಎಲ್ಲವನ್ನೂ ತಟ್ಟೆಗೆ ಹಾಕಿ. ರಸವನ್ನು ಹೀಗೆ ಇಳಿಸಿಕೊಂಡರೆ ಕಾರ್ನ್‌ಫ್ಲೋರ್ ಕಡಿಮೆ ಸಾಕಾಗುತ್ತದೆ, ಪಾಕ ಗೋಂದಿನಂತೆ ಅಂಟುವುದಿಲ್ಲ.

ಮಸಾಲೆಯ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಚಕ್ಕೆ ಪುಡಿ ಧಾರಾಳವಾಗಿ ಹಾಕುತ್ತಾರೆ, ನಮ್ಮ ಕೈ ತಾನಾಗಿ ಏಲಕ್ಕಿ ಡಬ್ಬಿಗೆ ಹೋಗುತ್ತದೆ. ಎರಡೂ ಪೀಚಿನ ಪರಿಮಳದ ಮೇಲೆ ಸವಾರಿ ಮಾಡುತ್ತವೆ. ಒಳ್ಳೆಯ ಹಣ್ಣು ಸಿಕ್ಕಿದ್ದರೆ ಜಾಯಿಕಾಯಿಯನ್ನು ಎರಡು ಸಲ ಮಾತ್ರ ತುರಿದು ನಿಲ್ಲಿಸಿ. ಡಬ್ಬದ ಹಣ್ಣಾದರೆ ಚಕ್ಕೆಗೂ ಜಾಗವುಂಟು, ಅಲ್ಲಿ ಮುಚ್ಚಿಡಬೇಕಾದ್ದು ಇರುತ್ತದೆ.

ಮೇಲಿನ ಹಿಟ್ಟು

ಇಲ್ಲಿ ಮಾಡುವುದು ಅಮೆರಿಕದ ದಕ್ಷಿಣದವರ ಬಿಸ್ಕೆಟ್ ಹಿಟ್ಟು. ಹೊರಗೆ ಗರಿ, ಒಳಗೆ ಮೆತ್ತನೆಯ ಪದರ. ಮೊಟ್ಟೆ ಬೇಕಿಲ್ಲದ್ದರಿಂದ ನಮ್ಮ ಸಸ್ಯಾಹಾರಿ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು. ಅಮೆರಿಕದಲ್ಲಿರುವವರು ಹೊರಗೆ ತಿನ್ನುವಾಗ ಮಾತ್ರ ಒಂದು ಮಾತು ಕೇಳಿ ನೋಡುವುದು ಒಳ್ಳೆಯದು. ಹಳೆಯ ಪದ್ಧತಿಯಲ್ಲಿ ಬೆಣ್ಣೆಯ ಬದಲು ಹಂದಿಯ ಕೊಬ್ಬು ಬಳಸುವ ಅಡುಗೆಮನೆಗಳು ಅಲ್ಲಿ ಇನ್ನೂ ಇವೆ.

150 ಗ್ರಾಂ ಮೈದಾ ಹಿಟ್ಟಿಗೆ ಎರಡು ದೊಡ್ಡ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಕಾಲು ಟೀ ಚಮಚ ಉಪ್ಪು, 70 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಅರ್ಧ ಕಪ್ಪಿಗೆ ತುಸು ಕಡಿಮೆ ಮಂದ ಮಜ್ಜಿಗೆ. ದಕ್ಷಿಣದವರ ಮೆಚ್ಚಿನ ವೈಟ್ ಲಿಲಿ ಹಿಟ್ಟು ಮೃದು ಗೋಧಿಯದು, ಪ್ರೋಟೀನ್ ಕಡಿಮೆ, ಆದ್ದರಿಂದ ಅಲ್ಲಿನ ಬಿಸ್ಕೆಟ್ ಬಾಯಲ್ಲಿ ಪುಡಿಯಾಗುತ್ತದೆ. ನಮ್ಮ ಮೈದಾದಲ್ಲಿ ಆ ಗುಣ ಬೇಕೆಂದರೆ 150 ಗ್ರಾಂನಲ್ಲಿ ಎರಡು ಚಮಚ ಮೈದಾ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ.

ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ಬೆಂಗಳೂರಿನಲ್ಲೇ ಬೇಸಿಗೆಯಲ್ಲಿ ಅದು ಬೇಗ ಮೆತ್ತಗಾಗುತ್ತದೆ. ಮಂಗಳೂರು, ಕಲಬುರಗಿಯಂಥ ಊರುಗಳಲ್ಲಿ ಕತ್ತರಿಸಿದ ತುಂಡುಗಳನ್ನು ಮತ್ತೆ ಹತ್ತು ನಿಮಿಷ ಫ್ರೀಜರಿನಲ್ಲಿಡಿ, ಹಿಟ್ಟಿನ ಬಟ್ಟಲನ್ನೂ ಜೊತೆಗೇ ತಣ್ಣಗೆ ಮಾಡಿ. ಬೆಣ್ಣೆಯನ್ನು ಬೆರಳ ತುದಿಯಿಂದ ಹಿಟ್ಟಿಗೆ ಉಜ್ಜುತ್ತಾ, ಕಡಲೆಬೇಳೆ ಗಾತ್ರದ ಚೂರುಗಳು ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಿ. ಓವನ್ನಿನ ಬಿಸಿಗೆ ಆ ಚೂರುಗಳು ಕರಗಿ, ಅವುಗಳೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಮೊದಲೇ ಕರಗಿಹೋದರೆ ಪದರವೂ ಇಲ್ಲ, ಹಗುರವೂ ಇಲ್ಲ.

ಇಲ್ಲಿಗೆ ನಿಲ್ಲಿಸಿ, ಈ ಪುಡಿಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿ. ಮಜ್ಜಿಗೆ ಈಗಲೇ ಹಾಕಬಾರದು. ಹುಳಿ ತಗುಲಿದ ಗಳಿಗೆಯಿಂದ ಸೋಡಾ ಅನಿಲ ಬಿಡಲು ಶುರುಮಾಡುತ್ತದೆ, ಕಾದಷ್ಟೂ ಅದರ ಕಸುವು ಕಡಿಮೆ.

ಓವನ್ನಿನಲ್ಲಿ

ಮನೆಯ ಓಟಿಜಿಯ ಮೇಲಿನ ಕೆಳಗಿನ ಎರಡೂ ಸರಳು ಉರಿಯುವಂತೆ 200 ಡಿಗ್ರಿಗೆ ಕನಿಷ್ಠ ಕಾಲು ಗಂಟೆ ಕಾಯಿಸಿ. ಫ್ಯಾನ್ ಇರುವ ಓವನ್ನಾದರೆ 180 ಸಾಕು. ಹಣ್ಣಿನ ತಟ್ಟೆಯನ್ನು ಹಿಟ್ಟಿಲ್ಲದೆ, ಬರಿದೇ ಒಳಗಿಟ್ಟು 12ರಿಂದ 15 ನಿಮಿಷ ಬಿಡಿ. ಅಂಚಿನಲ್ಲಿ ಗುಳ್ಳೆ ಏಳಬೇಕು. ಇಡೀ ಅಡುಗೆಯಲ್ಲಿ ಜನ ಬಿಟ್ಟುಬಿಡುವ ಹೆಜ್ಜೆ ಇದೇ. ತಣ್ಣನೆಯ ಹಣ್ಣಿನ ಮೇಲೆ ಹಿಟ್ಟು ಇಟ್ಟರೆ ಅದರ ಮೇಲ್ಮೈ ಕಂದಾಗುವ ಹೊತ್ತಿಗೂ ಕೆಳಮೈಗೆ ಕಾವು ತಲುಪಿರುವುದಿಲ್ಲ. ಮೇಲೆ ಬಿಸ್ಕೆಟ್, ಕೆಳಗೆ ಹಸಿ ಕಣಕ. ಐಸ್‌ಕ್ರೀಮ್ ಹಾಕಿ ಅದನ್ನು ಮರೆಮಾಚಲಾಗದು.

ಗುಳ್ಳೆ ಕಂಡ ಮೇಲೆ ತಣ್ಣನೆಯ ಮಜ್ಜಿಗೆಯನ್ನು ಪುಡಿಹಿಟ್ಟಿಗೆ ಸುರಿದು ಮುಳ್ಳುಚಮಚದಿಂದ ಹತ್ತು ಹನ್ನೆರಡು ಸುತ್ತು ಕಲಸಿ, ಅಷ್ಟೇ. ಚಪಾತಿ ಹಿಟ್ಟು ನಾದಿ ಅಭ್ಯಾಸವಿರುವ ಕೈ ಇನ್ನೂ ನಾದಲು ಹವಣಿಸುತ್ತದೆ. ತಡೆಯಿರಿ. ನಾದಿದಷ್ಟೂ ಅಂಟು ಬೆಳೆದು ಹಿಟ್ಟು ಗಟ್ಟಿಯಾಗುತ್ತದೆ. ಒಣ ಹಿಟ್ಟು ಅಲ್ಲಲ್ಲಿ ಕಾಣುತ್ತಿದ್ದರೂ ಚಿಂತೆಯಿಲ್ಲ. ಬಿಸಿ ಹಣ್ಣಿನ ಮೇಲೆ ಎಂಟು ಮುದ್ದೆಗಳಾಗಿ, ನಡುವೆ ಒಂದು ಬೆರಳು ಜಾಗ ಬಿಟ್ಟು ಇಡಿ. ಹಣ್ಣಿನ ಆವಿ ಆ ಸಂದಿಯಿಂದ ಹೊರಹೋಗಬೇಕು. ಪೂರ್ತಿ ಮುಚ್ಚಿದರೆ ಹಿಟ್ಟು ಇಡ್ಲಿಯ ಹಾಗೆ ಹಬೆಯಲ್ಲಿ ಬೇಯುತ್ತದೆ. ಮೇಲೆ ಒಂದು ಟೀ ಚಮಚ ಸಕ್ಕರೆ ಉದುರಿಸಿದರೆ ಗರಿ ಬರುತ್ತದೆ.

ಮತ್ತೆ 22ರಿಂದ 25 ನಿಮಿಷ. ಓಟಿಜಿಯಲ್ಲಿ ಒಂದು ಮೂಲೆ ಬೇಗ ಕಂದುವುದು ಮಾಮೂಲು, ಅರ್ಧ ದಾರಿಯಲ್ಲಿ ತಟ್ಟೆ ತಿರುಗಿಸಿ. ಕೆಳಗಿನ ಸಾಲಿನಲ್ಲಿ ಒಂದು ಖಾಲಿ ಟ್ರೇ ಇಟ್ಟರೆ ಉಕ್ಕಿದ ಪಾಕ ಸರಳಿಗೆ ಬಿದ್ದು ಹೊಗೆಯಾಗುವುದಿಲ್ಲ. ಬೆಂದದ್ದನ್ನು ಬಣ್ಣದಿಂದ ತೀರ್ಮಾನಿಸಬೇಡಿ. ನಡುವಿನ ಒಂದು ಮುದ್ದೆಯನ್ನು ಚಾಕುವಿನಿಂದ ಎತ್ತಿ ಅಡಿ ನೋಡಿ, ಹಸಿ ಇದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಇನ್ನೈದು ನಿಮಿಷ ಬಿಡಿ. ಪಾಕವೂ ಅಂಚಿನಲ್ಲಷ್ಟೇ ಅಲ್ಲ, ನಡುವೆಯೂ ದಪ್ಪ ಗುಳ್ಳೆಯಾಗಿ ಕುದಿಯಬೇಕು. ಕಾರ್ನ್‌ಫ್ಲೋರ್ ಕುದಿಯ ಹತ್ತಿರದ ಬಿಸಿ ಮುಟ್ಟದೆ ಪೂರ್ತಿ ಗಟ್ಟಿಯಾಗುವುದಿಲ್ಲ. ತಟ್ಟೆಯನ್ನು ಹೊರತೆಗೆದು ಒದ್ದೆ ಕಲ್ಲಿನ ಮೇಲೆ ಇಡಬೇಡಿ, ಗಾಜು ಸೀಳುತ್ತದೆ. ಓವನ್ ಇಲ್ಲದವರು ಕುಕ್ಕರಿನಲ್ಲಿ ಮರಳು, ಉಪ್ಪು ಹಾಕಿ ಮಾಡಲು ನೋಡಬಹುದು, ಹಣ್ಣೇನೋ ಬೇಯುತ್ತದೆ, ಮೇಲೆ ಬಣ್ಣ ಬಾರದೆ ಬೆಳ್ಳಗೇ ಉಳಿಯುತ್ತದೆ. ಮೈಕ್ರೋವೇವಿನಲ್ಲಿ, ಕನ್ವೆಕ್ಷನ್ ಸೌಲಭ್ಯ ಇಲ್ಲದಿದ್ದರೆ, ಪ್ರಯತ್ನಿಸುವುದೇ ಬೇಡ.

ಇದಕ್ಕಿಂತ ಸುಲಭದ ಇನ್ನೊಂದು ದಾರಿಯೂ ಅಮೆರಿಕದ ದಕ್ಷಿಣದಲ್ಲಿ ರೂಢಿಯಲ್ಲಿದೆ. ತಟ್ಟೆಯಲ್ಲಿ ಬೆಣ್ಣೆ ಕರಗಿಸಿ, ಅದರ ಮೇಲೆ ಮೈದಾ, ಸಕ್ಕರೆ, ಹಾಲು ಒಂದೊಂದು ಕಪ್ ಮತ್ತು ಬೇಕಿಂಗ್ ಪೌಡರ್ ಕಲಸಿದ ತೆಳು ಹಿಟ್ಟನ್ನು ಸುರಿದು, ಕದಡದೆ ಹಣ್ಣು ಹರಡಿ 175 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸುತ್ತಾರೆ. ಹಿಟ್ಟು ಹಣ್ಣಿನ ಮೂಲಕ ತಾನೇ ಮೇಲೇರಿ ಅಂಚಿನಲ್ಲಿ ಕ್ಯಾರಮೆಲ್ ಗರಿ ಕಟ್ಟುತ್ತದೆ. ನೋಡಲು ಜಾದೂ. ಆದರೆ ಅದು ಬೆಣ್ಣೆಯಲ್ಲಿ ತೊಯ್ದ ಕೇಕ್, ಸಕ್ಕರೆ ಕಡಿಮೆ ಮಾಡಿದರೆ ಆ ಗರಿಯೇ ಬರುವುದಿಲ್ಲ. ಐಸ್‌ಕ್ರೀಮ್ ಜೊತೆಗೆ ಬಿಸ್ಕೆಟ್ ಹಿಟ್ಟಿನದ್ದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಐಸ್‌ಕ್ರೀಮ್

ಡಬ್ಬದ ಹೆಸರು ಓದದೆ ಕೊಳ್ಳಬೇಡಿ. ನಮ್ಮ ಆಹಾರ ನಿಯಮದ ಪ್ರಕಾರ ಐಸ್‌ಕ್ರೀಮ್ ಎಂದು ಬರೆಯಬೇಕಾದರೆ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಇರಬೇಕು. ಸಸ್ಯಜನ್ಯ ಎಣ್ಣೆಯಿಂದ ಮಾಡಿದ್ದರೆ ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು. ಬಿಸಿ ಹಣ್ಣಿನ ಪಕ್ಕ ಕರಗಿ ಪಾಕದೊಡನೆ ಬೆರೆತಾಗ ಹಾಲಿನ ಕೊಬ್ಬಿನದ್ದು ಕೆನೆಯಾಗುತ್ತದೆ, ಎರಡನೆಯದು ಹಲವು ಸಲ ನಾಲಿಗೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಅಮೆರಿಕದಲ್ಲಿರುವ ಸಸ್ಯಾಹಾರಿಗಳು ಗಮನಿಸಬೇಕಾದ್ದು ಬೇರೆ: ಅಲ್ಲಿ ಫ್ರೆಂಚ್ ವೆನಿಲಾ ಎಂದರೆ ಮೊಟ್ಟೆಯ ಹಳದಿ ಹಾಕಿದ್ದು. ರುಚಿ ವೆನಿಲಾ ಸಾಕು. ಬಟರ್‌ಸ್ಕಾಚ್, ಮಾವು, ಪಿಸ್ತಾ ಎಲ್ಲ ಪೀಚಿನೊಡನೆ ಜಗಳಕ್ಕೆ ನಿಲ್ಲುತ್ತವೆ.

ಓವನ್ನಿನಿಂದ ತೆಗೆದ ಕೂಡಲೇ ಬಡಿಸಬೇಡಿ. ಆಗ ಪಾಕ ನೀರಾಗಿರುತ್ತದೆ, ನಾಲಿಗೆ ಸುಡುತ್ತದೆ, ಐಸ್‌ಕ್ರೀಮ್ ಕ್ಷಣದಲ್ಲಿ ಹಾಲಾಗಿ ಹರಿಯುತ್ತದೆ. ಅರ್ಧ ಗಂಟೆಯಿಂದ ನಲವತ್ತು ನಿಮಿಷ ಕಾದರೆ ಪಾಕ ತಾನೇ ದಪ್ಪವಾಗುತ್ತದೆ. ಐಸ್‌ಕ್ರೀಮನ್ನು ಐದು ನಿಮಿಷ ಮೊದಲೇ ಫ್ರೀಜರಿನಿಂದ ತೆಗೆದಿಟ್ಟರೆ ಚಮಚ ಬಗ್ಗುವುದಿಲ್ಲ. ಉಂಡೆಯನ್ನು ಬಿಸ್ಕೆಟ್ಟಿನ ತಲೆಯ ಮೇಲೆ ಕೂರಿಸದೆ ಪಕ್ಕದಲ್ಲಿ, ಹಣ್ಣಿಗೆ ತಾಗುವಂತೆ ಹಾಕಿ. ಕಷ್ಟಪಟ್ಟು ತಂದ ಗರಿ ಹಾಗಾದರೆ ಉಳಿದೀತು.

ಉಳಿದ ಕಾಬ್ಲರ್ ಫ್ರಿಜ್ಜಿನಲ್ಲಿ ಎರಡು ದಿನ ತಡೆಯುತ್ತದೆ. ಮತ್ತೆ ಬಿಸಿ ಮಾಡುವಾಗ ಗಾಜಿನ ತಟ್ಟೆಯನ್ನು ಫ್ರಿಜ್ಜಿನಿಂದ ನೇರ ಓವನ್ನಿಗೆ ಇಡಬೇಡಿ. ಅರ್ಧ ಗಂಟೆ ಹೊರಗಿಟ್ಟು, 160 ಡಿಗ್ರಿಯಲ್ಲಿ ಹದಿನೈದು ನಿಮಿಷ ಬಿಸಿ ಮಾಡಿ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಹಣ್ಣು ಸರಿಯಾಗಿರುತ್ತದೆ, ಬಿಸ್ಕೆಟ್ ರಬ್ಬರಾಗುತ್ತದೆ.